ಹಾಯಿ ಬಿಚ್ಚಿದವರು ಯಾರು

ಸಭೆಯ ಅಧ್ಯಕ್ಷತೆ ವಹಿಸಿರುವ ಗ್ರಾಮ ಪಂಚಾಯತಿ ಅಧ್ಯಕ್ಷೆ ಶ್ರೀಮತಿ ಶರ್ಮಿಳಾ ಅವರೇ, ಬೆಳಕೆಯ ತರಕಾರಿ ಬೆಳೆಗಾರ ಮಹಿಳೆಯರ ಸಂಘವನ್ನು ಹನ್ನೆರಡು ವರ್ಷಗಳಿಂದ ಮುನ್ನಡೆಸುತ್ತಿರುವ ಶ್ರೀಮತಿ ದೇವಿ ಮೊಗೇರ ಅವರೇ, ಹೊರಗೆ ಬಾವಿಯ ಪಕ್ಕದಲ್ಲಿ ಹೊಸ ಗಾಳಿಯಂತ್ರವನ್ನು ನಿಲ್ಲಿಸಿಕೊಟ್ಟ ಕುಮಟಾದ ಇಂಜಿನಿಯರ್ ಕುಮಾರಿ ಅಂಕಿತಾ ಅವರೇ, ಮುಂದಿನ ಸಾಲಿನಲ್ಲಿ ಕುಳಿತಿರುವ ದೇವಿಯವರ ತಂದೆ ಗಣಪಣ್ಣನವರೇ, ಮತ್ತು ಮೇ ತಿಂಗಳ ಈ ಸೆಕೆಯಲ್ಲೂ ಮನೆಗೆ ಹೋಗದೆ ನನ್ನ ಭಾಷಣಕ್ಕೆ ಕಾದಿರುವ ಸಭಿಕರೇ,

ನಿಮಗೆಲ್ಲರಿಗೂ ವಂದನೆಗಳು. ಮೊದಲಿಗೆ ಒಂದು ಕೋರಿಕೆ. ನೀವು ಪ್ರೀತಿಯಿಂದ ಹೊದಿಸಿದ ಈ ಶಾಲನ್ನು ಸ್ವಲ್ಪ ಹೊತ್ತು ಮೇಜಿನ ಮೇಲೆ ಇಡುತ್ತೇನೆ. ನನಗೆ ಬಹಳ ಬೆವರುತ್ತಿದೆ. ಕುಳಿತು ಮಾತಾಡಿ ಎಂದು ಅಧ್ಯಕ್ಷರು ಹೇಳಿದರು. ಇವತ್ತು ನನಗೆ ಕುಳಿತುಕೊಳ್ಳಲು ಆಗುವುದಿಲ್ಲ. ಬೆಳಗಿನಿಂದ ಹಾಗೆಯೇ ಆಗಿದೆ. ಕುಮಟಾದಿಂದ ಬರುವಾಗ ಬಸ್ಸಿನಲ್ಲಿ ಸೀಟು ಇದ್ದರೂ ಹೊನ್ನಾವರದವರೆಗೆ ನಿಂತೇ ಬಂದೆ.

ನನಗೆ ಕೊಟ್ಟ ವಿಷಯ ‘ಗಾಳಿಯಂತ್ರ: ಇತಿಹಾಸ ಮತ್ತು ಉಪಯೋಗ’. ಸಮಯ ಇಪ್ಪತ್ತು ನಿಮಿಷ. ಈ ವಿಷಯದ ಮೇಲೆ ನಾನು ಕುಮಟಾ, ಹೊನ್ನಾವರ, ಶಿರಾಲಿಗಳ ಶಾಲೆ ಕಾಲೇಜುಗಳಲ್ಲಿ ಎಷ್ಟು ಸಲ ಮಾತಾಡಿದ್ದೇನೋ ಲೆಕ್ಕವಿಲ್ಲ. ಒಂದು ಪುಸ್ತಕವನ್ನೂ ಬರೆದಿದ್ದೇನೆ. ನನ್ನ ಹೆಂಡತಿ ಲಕ್ಷ್ಮೀ ಹೇಳುವುದುಂಟು, ನಿಮಗೆ ಹುಷಾರಿಲ್ಲದ ದಿನ ನಾನೇ ಹೋಗಿ ಭಾಷಣ ಮಾಡಿ ಬರಬಲ್ಲೆ ಎಂದು. ಅವಳು ಮಾಡಿದರೆ ಇನ್ನೂ ಚೆನ್ನಾಗಿ, ಇನ್ನೂ ಬೇಗ ಮುಗಿಯುತ್ತಿತ್ತು.

ಆಗಲಿ, ವಿಷಯಕ್ಕೆ ಬರುತ್ತೇನೆ. ಗಾಳಿಯನ್ನು ದುಡಿಸಿಕೊಳ್ಳಲು ಮನುಷ್ಯ ಮೊದಲು ಎಲ್ಲಿ ಕಲಿತ? ಇರಾನ್ ದೇಶದ ಪೂರ್ವದಲ್ಲಿ ವರ್ಷದ ನಾಲ್ಕು ತಿಂಗಳು ಬಿಡದೆ ಬೀಸುವ ಗಾಳಿಯಿದೆ. ಅಲ್ಲಿಯ ಜನ ಮಣ್ಣಿನ ಎತ್ತರದ ಗೋಡೆಗಳ ನಡುವೆ ನೆಟ್ಟಗೆ ನಿಂತ ಮರದ ರೆಕ್ಕೆಗಳನ್ನು ಕೂರಿಸಿ, ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಗೋಧಿ ಬೀಸಿಕೊಂಡರು. ಹಾಲೆಂಡಿನಲ್ಲಿ ಪ್ರದೇಶಕ್ಕೊಂದು ಉಪಯೋಗ. ಸಮುದ್ರಕ್ಕಿಂತ ತಗ್ಗಿರುವ ನೆಲದಲ್ಲಿ ಗಾಳಿಯಂತ್ರ ನೀರನ್ನು ಎತ್ತಿ ಹೊರಗೆ ಹಾಕಿ ಗದ್ದೆಯನ್ನು ಉಳಿಸಿತು. ಹಡಗು ಕಟ್ಟುವ ಊರುಗಳಲ್ಲಿ ಮರ ಕೊಯ್ದಿತು. ಇನ್ನು ಕೆಲವು ಕಡೆ ಎಣ್ಣೆ ತೆಗೆಯಿತು, ಕಾಗದ ಮಾಡಿತು, ನಮ್ಮಂಥ ಕರಾವಳಿಗಳಿಂದ ಹೋದ ಮೆಣಸನ್ನೂ ಪುಡಿ ಮಾಡಿತು. ಯಂತ್ರ ನಡೆಸುವವನ ಸಂಸಾರ ಎಷ್ಟೋ ಕಡೆ ಅದರ ಹೊಟ್ಟೆಯೊಳಗೇ ವಾಸವಾಗಿತ್ತು. ಮನೆಯಲ್ಲಿ ಮದುವೆಯಾದರೆ ರೆಕ್ಕೆಗಳನ್ನು ಒಂದು ಓರೆಯಲ್ಲಿ ನಿಲ್ಲಿಸುತ್ತಿದ್ದರು, ಸಾವಾದರೆ ಇನ್ನೊಂದು ಓರೆಯಲ್ಲಿ. ದೂರದಿಂದ ನೋಡಿದವರಿಗೆ ಸುದ್ದಿ ತಿಳಿಯುತ್ತಿತ್ತು.

ಗ್ರೀಸ್ ದೇಶಕ್ಕೆ ಸೇರಿದ ಕ್ರೀಟ್ ದ್ವೀಪದ್ದು ನಮಗೆ ಹತ್ತಿರದ ಕಥೆ. ಅಲ್ಲಿ ಬೆಟ್ಟಗಳ ನಡುವಿನ ಬಯಲಿನಲ್ಲಿ ಒಂದು ಕಾಲಕ್ಕೆ ಸಾವಿರಾರು ಗಾಳಿಚಕ್ರಗಳಿದ್ದವು. ರೆಕ್ಕೆಗೆ ಮರವಿಲ್ಲ, ತಗಡಿಲ್ಲ, ಬಿಳಿ ಬಟ್ಟೆ. ದೋಣಿಯ ಹಾಯಿಯಂತೆ ಮೂರು ಮೂಲೆಯ ಬಟ್ಟೆ. ಗಾಳಿ ಕಡಿಮೆಯಿದ್ದರೆ ಬಿಚ್ಚು, ಜಾಸ್ತಿಯಾದರೆ ಕೋಲಿಗೆ ಸುತ್ತು. ಬಾವಿಯಿಂದ ತರಕಾರಿಗೆ ನೀರು. ಅಷ್ಟೇ.

ಆ ಗಾಳಿಚಕ್ರಗಳ ಚಿತ್ರವನ್ನು ನಾನು ಮೊದಲು ಕಂಡದ್ದು ಒಂದು ಹಳೆಯ ಪತ್ರಿಕೆಯಲ್ಲಿ, 1987ರಲ್ಲಿ, ಇದೇ ಊರಿನಲ್ಲಿ. ಆಗ ನಾನು ಇಲ್ಲಿ ವಿಜ್ಞಾನ ಮೇಷ್ಟ್ರು. ನನ್ನ ಹೆಸರು ಶ್ರೀರಾಮ ಹೆಗಡೆ ಎಂದು ಹಾಜರಿ ಪುಸ್ತಕ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಎಲ್ಲರಿಗೂ ಮಾಸ್ತರು. ಆಗ ಕಡಲಂಚಿನ ಈ ಹೊಯಿಗೆ ನೆಲದಲ್ಲಿ, ಈ ಮರಳಿನಲ್ಲಿ, ಹರಿವೆ, ಬಸಳೆ, ಸೌತೆ ಬೆಳೆಯುವವರು ಹೆಂಗಸರು. ನೀರೆತ್ತುವವರೂ ಅವರೇ. ದಿನಕ್ಕೆ ಮೂರು ಗಂಟೆ ಏತ ಎಳೆಯಬೇಕು. ಇಲ್ಲಿ ಕುಳಿತ ಅರವತ್ತು ದಾಟಿದ ತಾಯಂದಿರ ಅಂಗೈ ನೋಡಿದರೆ ಈಗಲೂ ಗುರುತು ಸಿಕ್ಕೀತು. ಮಧ್ಯಾಹ್ನವಾದರೆ ಕಡಲಿನ ಗಾಳಿ ತಾನಾಗಿ ಬರುತ್ತದೆ, ಅದನ್ನೇಕೆ ಸುಮ್ಮನೆ ಬಿಡಬೇಕು ಎಂದು ನನಗೆ ಅನ್ನಿಸಿತು.

ಅನ್ನಿಸಿದ್ದು ನನಗೆ. ಕಟ್ಟಿದ್ದು ಗಣಪಣ್ಣ. ಇದನ್ನು ನಾನು ಪುಸ್ತಕದಲ್ಲಿ ‘ಸ್ಥಳೀಯರ ನೆರವಿನಿಂದ’ ಎಂದು ಬರೆದಿದ್ದೇನೆ. ಈ ಭಾಗದ ದೋಣಿಗಳಿಗೆ ಹಾಯಿ ಹೊಲಿಯುತ್ತಿದ್ದ ಕೈ ಅವರದು. ದೋಣಿಗಳಿಗೆ ಇಂಜಿನ್ ಬಂದು ಅವರ ಕೆಲಸ ನಿಂತಿತ್ತು. ನಾನು ಚಿತ್ರ ತೋರಿಸಿದಾಗ ಅವರು ಬಹಳ ಹೊತ್ತು ನೋಡಿ, ಈ ಬಟ್ಟೆಯ ಮೂಲೆಯನ್ನು ಪಕ್ಕದ ಕೋಲಿಗೆ ಕಟ್ಟಿದ ಹಗ್ಗವೇ ಇದರ ಜೀವ ಎಂದರು. ನಾನು ಮೂರು ಪುಸ್ತಕ ಓದಿ ತಿಳಿದದ್ದನ್ನು ಅವರು ಒಂದು ಚಿತ್ರದಲ್ಲಿ ಕಂಡಿದ್ದರು. ಕಡಲ ದಂಡೆಯ ಗಾಳಿಮರಗಳನ್ನು ಕಡಿದ ಕಂಬಗಳಿಂದ ಎತ್ತರದ ಅಟ್ಟಣೆ ಕಟ್ಟಿದರು. ಹಳೆಯ ಹಾಯಿಗಳನ್ನು ಕತ್ತರಿಸಿ ಆರು ರೆಕ್ಕೆ ಹೊಲಿದರು. ಚಕ್ರ ತಿರುಗಿದರೆ ಕೈಪಂಪಿನ ಸರಳು ಮೇಲೆ ಕೆಳಗೆ ಆಡುವಂತೆ ನಾನೂ ಅವರೂ ಸೇರಿ ಜೋಡಿಸಿದೆವು. ಮೊದಲ ದಿನ ನೀರು ಬಂದಾಗ ಹೆಂಗಸರು ಏತದ ಹಗ್ಗ ಬಿಟ್ಟು ಓಡಿ ಬಂದರು. ಗಣಪಣ್ಣನ ಮಗಳು ದೇವಿ ಆಗ ನನ್ನ ಎಂಟನೆಯ ತರಗತಿಯ ವಿದ್ಯಾರ್ಥಿನಿ. ಚಕ್ರ ನಿಮಿಷಕ್ಕೆ ಎಷ್ಟು ಸುತ್ತು ಸುತ್ತಿದರೆ ಎಷ್ಟು ಕೊಡ ನೀರು ಎಂದು ಅಳೆದು ಬರೆದುಕೊಂಡವಳು ಅವಳು. ಆ ಅಂಕಿಗಳು ನನ್ನ ಪುಸ್ತಕದಲ್ಲಿವೆ. ಅವಳ ಹೆಸರು ಇಲ್ಲ.

ಒಂದು ನಿಮಿಷ. ಸ್ವಲ್ಪ ನೀರು ಕುಡಿಯುತ್ತೇನೆ.

ಗಾಳಿಯಂತ್ರದಲ್ಲಿ ಬಹಳ ಮುಖ್ಯವಾದದ್ದು ಯಾವುದು? ಮಕ್ಕಳನ್ನು ಕೇಳಿದರೆ ರೆಕ್ಕೆ ಎನ್ನುತ್ತಾರೆ. ಅಲ್ಲ, ಬ್ರೇಕು. ಹಾಲೆಂಡಿನಲ್ಲಿ ಬಿರುಗಾಳಿಗೆ ಸಿಕ್ಕಿದ ಯಂತ್ರಕ್ಕೆ ಬ್ರೇಕು ಹಾಕಲು ಹೋಗಿ, ಮರಕ್ಕೆ ಮರ ಉಜ್ಜಿ ಬೆಂಕಿ ಹತ್ತಿ ಸುಟ್ಟುಹೋದದ್ದುಂಟು. ತಿರುಗುವ ರೆಕ್ಕೆಯ ಹತ್ತಿರ ಹೋಗಿ ಸತ್ತವರಿದ್ದಾರೆ. ನನ್ನ ಪುಸ್ತಕದಲ್ಲಿ ಬ್ರೇಕಿಗೇ ನಾಲ್ಕು ಪುಟ ಕೊಟ್ಟಿದ್ದೇನೆ. ಅಷ್ಟೇಕೆ ಎಂದು ಅಚ್ಚು ಹಾಕಿದವರು ಕೇಳಿದ್ದರು. ಅದರ ಕೊನೆಯಲ್ಲಿ ಒಂದು ವಾಕ್ಯವಿದೆ. ‘1989ರಲ್ಲಿ ಬೆಳಕೆಯ ಗಾಳಿಯಂತ್ರವು ನಿರ್ವಾಹಕನ ಅಜಾಗರೂಕತೆಯಿಂದ ಅಪಘಾತಕ್ಕೀಡಾಯಿತು.’ ಎಲ್ಲ ಭಾಷಣಗಳಲ್ಲೂ ಆ ವಾಕ್ಯ ಹೇಳಿದ್ದೇನೆ. ಒಂದು ಸಲ ಮನೆಗೆ ಬಂದ ಮೇಲೆ ಲಕ್ಷ್ಮೀ ಕೇಳಿದಳು, “ಆ ಮಾತು ಬಂದ ಕೂಡ್ಲೆ ನಿಂಗ ಎಂತಕ್ಕೆ ನೀರು ಕುಡೀತ್ರಿ?” ಗಂಟಲು ಒಣಗುತ್ತದೆ ಎಂದೆ. ಅವಳು ಮತ್ತೆ ಕೇಳಲಿಲ್ಲ.

ಸಭಿಕರೇ, ಆ ದಿನದ ಸಂಗತಿ ಹೇಳುತ್ತೇನೆ. ಕೈಯಲ್ಲಿರುವ ಚೀಟಿಯಲ್ಲಿ ಇದು ಇಲ್ಲ. ಚೀಟಿಯನ್ನು ಮಡಚಿ ಇಟ್ಟುಬಿಡುತ್ತೇನೆ.

ರಾಜ್ಯಮಟ್ಟದ ಬಹುಮಾನಕ್ಕೆ ನನ್ನ ಹೆಸರು ಹೋಗಿತ್ತು. ಯಂತ್ರವನ್ನು ನೋಡಲು ಜಿಲ್ಲೆಯಿಂದ ಮೂವರು ಅಧಿಕಾರಿಗಳು ನಾಲ್ಕು ಗಂಟೆಗೆ ಬರುವವರಿದ್ದರು. ಮೇ ತಿಂಗಳು, ಶಾಲೆಗೆ ರಜೆ. ಎರಡು ಗಂಟೆಗೆ ನಾನು ಬಂದು ನೋಡಿದರೆ ಆರೂ ಹಾಯಿಗಳನ್ನು ಕೋಲಿಗೆ ಸುತ್ತಿ ಕಟ್ಟಿಟ್ಟಿದ್ದರು ಗಣಪಣ್ಣ. ಯಾಕೆ ಎಂದು ಕೇಳಿದೆ. ಅವರು ಪಡುವಣಕ್ಕೆ ಕೈ ತೋರಿಸಿದರು. ನನಗೆ ಕಂಡದ್ದು ಅಂಗೈ ಅಗಲದ ಒಂದು ಮೋಡ.

“ಇವತ್ತು ಬ್ಯಾಡ ಮಾಸ್ತರೆ. ಅವರಿಗೆ ನಾಳೆ ಬರೂಕೆ ಹೇಳಿ,” ಎಂದರು.

ಅಧಿಕಾರಿಗಳಿಗೆ ನಾಳೆ ಬನ್ನಿ ಎಂದು ಹೇಳುವುದುಂಟೇ? ನಾನು ಒತ್ತಾಯ ಮಾಡಿದೆ. ಅವರು ಒಪ್ಪಲಿಲ್ಲ. ಚಾ ಕುಡಿದು ಬರುತ್ತೇನೆ ಎಂದು ಮನೆಗೆ ಹೋದರು. ಮೂರೂವರೆಗೆ ಗಾಳಿ ಪೂರಾ ನಿಂತಿತ್ತು. ಗಾಳಿ ಇಲ್ಲದಾಗ ಹಾಯಿ ಬಿಚ್ಚಿದರೆ ಏನಾದೀತು ಎಂದುಕೊಂಡೆ. ಅಟ್ಟಣೆ ಹತ್ತಿದೆ. ಆರೂ ಹಾಯಿಗಳನ್ನು ಬಿಚ್ಚಿದೆ. ನಾನು. ನನ್ನ ಈ ಕೈಗಳಿಂದ. ಅಲ್ಲಿ ಬೇರೆ ಯಾರೂ ಇರಲಿಲ್ಲ.

ಅಧಿಕಾರಿಗಳು ಬಂದರು. ನಲವತ್ತು ಐವತ್ತು ಜನ ಸೇರಿದರು. ನಾನು ಇವತ್ತಿನಂತೆಯೇ ಇರಾನ್ ದೇಶದಿಂದ ಶುರು ಮಾಡಿದ್ದೆ. ಹಾಲೆಂಡಿಗೆ ಬರುವ ಮೊದಲೇ ಗಾಳಿ ಬಂತು. ಬೀಸಿದ್ದಲ್ಲ, ಬಂದು ಬಿದ್ದದ್ದು. ಹೊಯಿಗೆ ಎದ್ದು ಕಣ್ಣು ಬಿಡಲಾಗಲಿಲ್ಲ. ಬ್ರೇಕಿನ ಹಗ್ಗ ಹಿಡಿದು ಎಳೆದೆ, ಅದು ಹರಿದು ಕೈಯಲ್ಲಿ ಉಳಿಯಿತು. ಚಕ್ರ ಎಷ್ಟು ಜೋರಾಗಿ ತಿರುಗಿತೆಂದರೆ ರೆಕ್ಕೆಗಳು ಬೇರೆ ಬೇರೆಯಾಗಿ ಕಾಣುತ್ತಿರಲಿಲ್ಲ. ಅಟ್ಟಣೆ ವಾಲತೊಡಗಿತು. ಜನ ಅದರ ಕೆಳಗೇ ಇದ್ದರು. ಹೊಯಿಗೆಯಲ್ಲಿ ಯಾವ ಕಡೆ ಓಡಬೇಕೆಂದು ಯಾರಿಗೂ ತಿಳಿಯಲಿಲ್ಲ.

ಗಣಪಣ್ಣ ಓಡಿ ಬಂದು ಅಟ್ಟಣೆ ಹತ್ತಿದರು. ಹಲ್ಲಿನಲ್ಲಿ ಕತ್ತಿ ಕಚ್ಚಿಕೊಂಡಿದ್ದರು. ಒಂದೊಂದು ಕೋಲು ಎದುರಿಗೆ ಬಂದಾಗಲೂ ಹಾಯಿಯ ಮೂಲೆಯ ಹಗ್ಗವನ್ನು ಕೊಯ್ದರು. ಒಂದು, ಎರಡು, ಮೂರು, ನಾಲ್ಕು. ಹಗ್ಗ ಕಡಿದ ಹಾಯಿ ಗಾಳಿ ಬಿಟ್ಟು ಪಟಪಟ ಬಡಿದುಕೊಂಡಿತು. ಚಕ್ರ ನಿಧಾನವಾಯಿತು, ಅಟ್ಟಣೆ ನಿಂತುಕೊಂಡಿತು, ಜನ ಹೊರಗೆ ಬಂದರು. ಐದನೆಯ ಕೋಲು ಮುರಿದು ಅವರ ಬಲಗೈಯನ್ನು ಕಂಬಕ್ಕೆ ಅಪ್ಪಳಿಸಿತು. ಮೂರು ಬೆರಳು ಅಲ್ಲೇ ಹೋದವು. ಮಣಿಕಟ್ಟು ಮತ್ತೆ ಸರಿಯಾಗಲಿಲ್ಲ. ಹಾಯಿ ಹೊಲಿಯುವ ಕೈ, ಸಭಿಕರೇ.

ಸಂಜೆ, ಗಾಳಿಯ ಹಿಂದೆಯೇ ಬಂದ ಮಳೆ ನಿಂತ ಮೇಲೆ, ಒಬ್ಬ ಅಧಿಕಾರಿ ಕೇಳಿದರು, ಹಾಯಿ ಬಿಚ್ಚಿದವರು ಯಾರು ಎಂದು. ಕಠಿಣವಾಗಿ ಕೇಳಲಿಲ್ಲ. ಫಾರಂ ತುಂಬುವವರು ಕೇಳುವ ಹಾಗೆ ಕೇಳಿದರು. ನಾನು, ನೋಡಿಕೊಳ್ಳುವವರು ಗಣಪ ಮೊಗೇರ ಎಂದೆ. ಬರೆದುಕೊಡಿ ಎಂದರು. ಬರೆದುಕೊಟ್ಟೆ. ನನ್ನ ಅಕ್ಷರ ಆ ದಿನವೂ ದುಂಡಗೇ ಇತ್ತು.

ಎಂಟನೆಯ ದಿನ ಆಸ್ಪತ್ರೆಗೆ ಹೋದೆ. ಹೇಳಬೇಕೆಂದೇ ಹೋಗಿದ್ದೆ. ಗಣಪಣ್ಣ ನನ್ನನ್ನು ಕಂಡು, “ಹಾಯಿ ಒದ್ದೆ ಆಗಿರ್ತದೆ. ಬಿಸಿಲಿಗೆ ಹಾಕೂಕೆ ಹೇಳಿ ಮಾಸ್ತರೆ,” ಎಂದರು. ನಾನು ಆಗಲಿ ಎಂದು ಎದ್ದು ಬಂದೆ. ಹಾಯಿಗಳನ್ನು ಬಿಸಿಲಿಗೆ ಹಾಕಲೂ ಇಲ್ಲ.

ಆಮೇಲೆ ಪತ್ರಿಕೆಯಲ್ಲಿ ಅವರ ಅಜಾಗರೂಕತೆ ಎಂದು ಬಂತು. ಊರಿನವರು ನಂಬಿದರು. ಕುಡಿದು ಬಿಚ್ಚಿಟ್ಟಿರಬೇಕು ಎಂದು ಹೇಳಿದವರೂ ಇದ್ದರು. ಕುಡಿತ ಎಂದರೆ ಏನೆಂದೇ ತಿಳಿಯದ ಮನುಷ್ಯ ಅವರು. ನಾನು ಅಲ್ಲಿಯೇ ನಿಂತು ಕೇಳಿದ್ದೇನೆ. ಇಲ್ಲ ಎನ್ನಲಿಲ್ಲ. ಅದೇ ತಿಂಗಳ ಕೊನೆಗೆ ಹತ್ತನೆಯ ತರಗತಿಯ ಫಲಿತಾಂಶ ಬಂತು. ವಿಜ್ಞಾನದಲ್ಲಿ ನಮ್ಮ ಶಾಲೆಗೆ ದೇವಿಯೇ ಮೊದಲು. ಅವಳು ಕಾಲೇಜಿಗೆ ಹೋಗಲಿಲ್ಲ. ಯಂತ್ರ ಮತ್ತೆ ತಿರುಗಲಿಲ್ಲ, ಅಪ್ಪನ ಕೈ ಇಲ್ಲ, ಅಮ್ಮನ ಜೊತೆ ಏತಕ್ಕೆ ನಿಂತಳು. ನಾನು ಕೇಳಿ ವರ್ಗ ಮಾಡಿಸಿಕೊಂಡು ಹೊನ್ನಾವರಕ್ಕೆ ಹೋದೆ. ಅಲ್ಲಿಂದ ಕುಮಟಾ. ಮೂವತ್ತಾರು ವರ್ಷ ಬೆಳಕೆಗೆ ಕಾಲಿಡಲಿಲ್ಲ. ಗೋಕರ್ಣದವರೆಗೆ, ಕಾರವಾರದವರೆಗೆ ಗಾಳಿಯಂತ್ರದ ಬಗ್ಗೆ ಮಾತಾಡುತ್ತಾ ತಿರುಗಿದೆ. ಒಂದು ಕಡೆ ಕುಳಿತರೆ ಆಗುತ್ತಿರಲಿಲ್ಲ. ಜನ ಇದನ್ನು ಉತ್ಸಾಹ ಎಂದು ತಿಳಿದರು.

ಕಳೆದ ತಿಂಗಳು ದೇವಿ ಆಮಂತ್ರಣ ಹಿಡಿದು ಕುಮಟಾದ ನಮ್ಮ ಮನೆಗೆ ಬಂದಳು. ನೀವೇ ಉದ್ಘಾಟನೆ ಮಾಡಬೇಕು, ಅಪ್ಪನೂ ಹಾಗೇ ಹೇಳಿದ್ದಾನೆ ಎಂದಳು. ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಇವಳಿಗೆ ಗೊತ್ತಿದೆಯೋ ಇಲ್ಲವೋ ಎಂಬುದೊಂದೇ ನನ್ನ ತಲೆಯಲ್ಲಿ ತಿರುಗುತ್ತಿತ್ತು. ಅದಕ್ಕೇ ಇವತ್ತು ಬೆಳಿಗ್ಗೆ ಸಭೆಗೆ ಬರುವ ಮೊದಲು ಗಣಪಣ್ಣನ ಮನೆಗೆ ಹೋದೆ. ಅವರೊಬ್ಬರೇ ಜಗಲಿಯಲ್ಲಿದ್ದರು. ಎಂಬತ್ತೊಂದು ವರ್ಷ. ಎಡಗೈಯಲ್ಲಿ ಬಲೆ ಬಿಡಿಸುತ್ತಿದ್ದರು. ಹಾಯಿ ಸುತ್ತಿಟ್ಟಿದ್ದು ನಿಮಗೆ ನೆನಪಿರಬೇಕಲ್ಲ, ಮಗಳಿಗೆ ಹೇಳಿದ್ದೀರಾ ಎಂದು ಕೇಳಿದೆ. ನಾಚಿಕೆಯಾಗುತ್ತದೆ, ಮೊದಲು ಕೇಳಿದ್ದು ಅದನ್ನು.

“ಇಲ್ಲ,” ಎಂದರು. “ನಾ ಎಂತಕೆ ಹೇಳೂದು ಮಾಸ್ತರೆ? ನಾ ಹೇಳಿರೆ ಅದು ನನ್ನ ಮಾತು ಆತು. ನಿಮ್ಮ ಮಾತು ನೀವೇ ಹೇಳ್ಬೇಕು.”

ಅದಕ್ಕಾಗಿಯೇ ಕರೆಸಿದಿರಾ ಎಂದೆ. ಅವರು ಬಲೆಯ ಗಂಟು ಬಿಡಿಸುತ್ತಾ ಇನ್ನೊಂದು ಮಾತು ಹೇಳಿದರು. “ಹೇಳಿ ಆದ್ರೆ ಮಧ್ಯಾಹ್ನ ಊಟಕ್ಕೆ ಮನೆಗೆ ಬನ್ನಿ. ಹೇಳೂಕೆ ಆಗದಿದ್ರೆ ಹಂಗೇ ಬಸ್ಸಿಗೆ ಹೋಗಿ. ನಾ ಎಂತದೂ ಅಂದ್ಕೊಳ್ಳೂದಿಲ್ಲ.”

ಹೇಳಿದ್ದಾಯಿತು, ಸಭಿಕರೇ. ಇದನ್ನೇ ಬರೆದು ಸಹಿ ಮಾಡಿದ ಕಾಗದ ಅಧ್ಯಕ್ಷರ ಕೈಯಲ್ಲಿದೆ. ಶಾಲೆಯ ಹಳೆಯ ಕಡತದಲ್ಲಿ ಅಂದಿನ ನನ್ನ ಕಾಗದದ ಪಕ್ಕದಲ್ಲಿ ಇದೂ ಇರಲಿ. ಪತ್ರಿಕೆಯವರು ಬಂದಿದ್ದರೆ ಹಾಗೆಯೇ ಹಾಕಲಿ. ಹೊಸ ಯಂತ್ರದ ಕಲ್ಲಿನ ಮೇಲೆ ನನ್ನ ಹೆಸರು ಕೆತ್ತಿಸಿದ್ದೀರಿ ಎಂದು ಕೇಳಿದೆ. ದಯವಿಟ್ಟು ಅದನ್ನು ತೆಗೆಸಿ. ಉದ್ಘಾಟನೆಯನ್ನೂ ನಾನು ಮಾಡುವುದಿಲ್ಲ. ಯಾರು ಮಾಡಬೇಕೆಂದು ಸಂಘದ ಹೆಂಗಸರು ಹೇಳಲಿ. ಅದನ್ನು ಹೇಳುವ ಹಕ್ಕು ನನಗಿಲ್ಲ.

ದೇವಿ, ನಾನು ಅಟ್ಟಣೆ ಹತ್ತಿದೆ ಎಂದು ಹೇಳಿದಾಗಲೇ ನೀನು ವೇದಿಕೆಯಿಂದ ಇಳಿದು ಹೋದದ್ದನ್ನು ಕಂಡೆ. ಕಿಟಕಿಯಿಂದ ಕಾಣುತ್ತಿದೆ, ಬಾವಿಯ ಕಟ್ಟೆಯ ಹತ್ತಿರ ಬೆನ್ನು ಹಾಕಿ ನಿಂತಿದ್ದೀಯೆ. ಮೈಕು ಅಲ್ಲಿಗೂ ಕೇಳುತ್ತದೆ ಎಂದುಕೊಂಡಿದ್ದೇನೆ. ನಿನ್ನ ಕಾಲೇಜಿನ ವರ್ಷಗಳನ್ನು ನಾನು ತಂದುಕೊಡಲಾರೆ. ಕ್ಷಮಿಸು ಎಂದು ಇಷ್ಟು ಜನರ ಎದುರು ಕೇಳಿ ನಿನ್ನನ್ನು ಕಟ್ಟಿಹಾಕುವುದಿಲ್ಲ. ಕೇಳುವುದಾದರೆ ನೀನೊಬ್ಬಳೇ ಇರುವಾಗ ಬಂದು ಕೇಳುತ್ತೇನೆ. ನೀನು ಇಲ್ಲ ಎನ್ನಬಹುದು.

ಗಣಪಣ್ಣ ಎದ್ದಿದ್ದಾರೆ. ಚಪ್ಪಲಿ ಮೆಟ್ಟಿಕೊಂಡು ಬಾಗಿಲ ಹತ್ತಿರ ನಿಂತು ಈ ಕಡೆ ನೋಡುತ್ತಿದ್ದಾರೆ. ಅವರು ಬಹಳ ಕಾದಿದ್ದಾರೆ. ಇನ್ನು ಕಾಯಿಸುವುದಿಲ್ಲ. ಕೊಟ್ಟ ಇಪ್ಪತ್ತು ನಿಮಿಷ ಮೀರಿ ಮಾತಾಡಲು ಬಿಟ್ಟ ಅಧ್ಯಕ್ಷರಿಗೆ, ಎದ್ದು ಹೋಗದೆ ಕೇಳಿದ ನಿಮಗೆಲ್ಲರಿಗೆ ವಂದಿಸಿ, ಅವರ ಮನೆಗೆ ಊಟಕ್ಕೆ ಹೊರಡುತ್ತಿದ್ದೇನೆ. ನಮಸ್ಕಾರ.