ಶಿವಕಾಂತನ ನಡತೆ ಬಲ್ಲವನ ಹೇಳಿಕೆ

ಹೆಸರು: ಲಕ್ಷ್ಮಣ ತಂದೆ ಬಸ್ಸಪ್ಪ, ವಯಸ್ಸು 24 ವರ್ಷ, ಉದ್ಯೋಗ: ಲಿಂಗಸುಗೂರಿನ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ, ಸಾ: ವಳಕಮದಿನ್ನಿ, ತಾ: ಸಿಂಧನೂರು.

ಪೊಲೀಸರ ಮುಂದೆ ಹಾಜರಾಗಿ ಬರೆಯಿಸುವುದೇನೆಂದರೆ, ದಢೇಸುಗೂರಿನ ಶಿವಕಾಂತ ತಂದೆ ಜಂಬಣ್ಣ ಎಂಬುವನು ಸೇನಾ ಅಧಿಕಾರಿಗಳ ತರಬೇತಿ ಅಕಾಡೆಮಿಗೆ ಆಯ್ಕೆಯಾಗಿದ್ದು, ತನ್ನ ನಡತೆ ಬಲ್ಲ ಇಬ್ಬರಲ್ಲಿ ಒಬ್ಬನೆಂದು ಅರ್ಜಿಯಲ್ಲಿ ನನ್ನ ಹೆಸರು ಬರೆದಿದ್ದಾನೆ. ಸರ್ಕಾರಿ ನೌಕರನ ಮಾತಿಗೆ ತೂಕವಿರುತ್ತದೆಂದು ಬರೆದಿರಬೇಕು. ನನ್ನನ್ನು ಕೇಳಿಲ್ಲ. ಅವನ ನಡತೆ ನನ್ನಷ್ಟು ಬಲ್ಲವರು ಯಾರೂ ಇಲ್ಲವಾದ್ದರಿಂದ ಹೇಳುತ್ತೇನೆ.

2021ರಲ್ಲಿ ನಾವಿಬ್ಬರೂ ಸೇನೆ ಸೇರಲೆಂದು ಸಿಂಧನೂರಿನ ಒಂದು ಖಾಸಗಿ ತರಬೇತಿ ಕೇಂದ್ರದಲ್ಲಿದ್ದೆವು. ದೊಡ್ಡ ಅಕಾಡೆಮಿಗಳನ್ನು ನೋಡಿ ಅಲ್ಲಿಯೂ ಹಿರಿಯರು ಕಿರಿಯರಿಗೆ ಶಿಕ್ಷೆ ಕೊಡುವ ಪದ್ಧತಿ ಇಟ್ಟಿದ್ದರು. ಶಿವಕಾಂತ ನನಗಿಂತ ಆರು ತಿಂಗಳು ಮುಂಚೆ ಸೇರಿದವನು. ಜೊತೆಗಾರನ ಹೆಸರು ಯಾರ ಮುಂದೆಯೂ ಬಾಯಿಬಿಡಬಾರದು ಎಂಬುದು ಅಲ್ಲಿ ಕಲಿಸಿದ ಮೊದಲ ಪಾಠ.

ದಿ: 14-11-2021ರಂದು ಬೆಳಿಗ್ಗೆ 6-10ಕ್ಕೆ ಮಸ್ಕಿಯ ಬೆಟ್ಟದಲ್ಲಿ ಬೆನ್ನಿಗೆ ತಲಾ 10 ಕೆ.ಜಿ. ಮರಳಿನ ಚೀಲ ಕಟ್ಟಿ ಓಡಿಸಿದರು. ನಾನು ಶಿವಕಾಂತನಿಗಿಂತ ಮುಂಚೆ ತುದಿ ಮುಟ್ಟಿದೆನು. ಅದೇ ನನ್ನ ತಪ್ಪು. ಅವನು ತನ್ನ ಚೀಲವನ್ನೂ ನನ್ನ ಬೆನ್ನಿಗೇ ಕಟ್ಟಿ, 40 ಮೆಟ್ಟಿಲು ಕಪ್ಪೆಯಂತೆ ಜಿಗಿಯಲು ಹೇಳಿದನು. 31ನೇ ಮೆಟ್ಟಿಲಿನಲ್ಲಿ ಬಲ ಮೊಣಕಾಲು ಲಟಕ್ಕೆಂದಿತು. ಕೈಮುಗಿದರೂ, "ಏಳಲೇ, ಇನ್ನಾ ಒಂಬತ್ತು ಅದಾವ. ಆಫೀಸರ ಆಗಾಂವ ಅಳತಾನೇನು?" ಎಂದು ನಕ್ಕನು. ಒಂಬತ್ತನ್ನೂ ಮಾಡಿದೆನು.

ಕೇಂದ್ರದವರು ಕೇಳಿದಾಗ, ಕಾಲು ಜಾರಿ ಬಿದ್ದೆನೆಂದು ಕೈಯಾರೆ ಬರೆದುಕೊಟ್ಟೆನು. ಜೊತೆಗಾರನಲ್ಲವೇ, ಥೂ! ಮುಂದೆ ಸೇನೆಯ ಸಂದರ್ಶನದಲ್ಲಿ ಪಾಸಾದೆನು. ನನ್ನ ತಾಯಿ ಅಯ್ಯಮ್ಮ ಓಣಿಗೆಲ್ಲ ಸಿಹಿ ಮಾದಲಿ ಹಂಚಿದಳು. ವೈದ್ಯಕೀಯ ತಪಾಸಣೆಯಲ್ಲಿ ಮೊಣಕಾಲು ನೋಡಿ ಕಾಯಂ ಅನರ್ಹ ಎಂದು ಬರೆದರು. ಆಮೇಲೆ ಎರಡು ತಿಂಗಳು ಅವಳು ಓಣಿಯ ಹೆಂಗಸರು ಸೇರುವ ನಳದ ಹತ್ತಿರ ಹೋಗಲಿಲ್ಲ.

ನಿನ್ನೆ ಸಂಜೆ 5-00ಕ್ಕೆ ಶಿವಕಾಂತನು ನನ್ನ ಕಚೇರಿಗೆ ಬಂದು, ಒಳ್ಳೆಯವನೆಂದು ಎರಡು ಸಾಲು ಬರೆಸಲು ಹೇಳಿದನು. ಬೆಟ್ಟದ ದಿನ ನೆನಪಿದೆಯೇ ಎಂದು ಕೇಳಿದೆನು. "ಯಾವ ಬೆಟ್ಟಪಾ ದೋಸ್ತ?" ಎಂದನು. ನಾಟಕವಲ್ಲ, ನಿಜಕ್ಕೂ ಮರೆತಿದ್ದನು. ನೆನಪಿದ್ದಿದ್ದರೆ ಬಹುಶಃ ನಾನು ಸುಮ್ಮನಿರುತ್ತಿದ್ದೆನು.

ಇದನ್ನು ಬರೆದುಕೊಳ್ಳುತ್ತಿರುವ ಸಾಹೇಬರು, ಹುಡುಗನ ಬಾಳು ಹಾಳಾಗುತ್ತದೆ, ವಿಚಾರ ಮಾಡು ಎಂದು ಹೇಳಿದರು. ನಾಲ್ಕು ವರ್ಷ ವಿಚಾರ ಮಾಡಿದ್ದೇನೆ. ಹಾಳಾಗಲಿ ಎಂದೇ ಹೇಳುತ್ತಿದ್ದೇನೆ. ಅಂದು ಸುಳ್ಳು ಬರೆದುಕೊಟ್ಟದ್ದಕ್ಕೆ ನನ್ನ ನೌಕರಿ ಹೋದರೆ ಹೋಗಲಿ, ಅವನ ಹೆಗಲ ಮೇಲೆ ನಕ್ಷತ್ರ ಏರಬಾರದು.

ಬರೆದದ್ದನ್ನು ನನಗೆ ಓದಿ ಹೇಳಿದ್ದು, ಎಲ್ಲವೂ ನಿಜವಿರುತ್ತದೆ. "ಹಾಳಾಗಲಿ" ಎಂಬ ಮಾತನ್ನು ತೆಗೆಯಲೇ ಎಂದು ಕೇಳಿದ್ದಕ್ಕೆ ನಾನು ಒಪ್ಪಿರುವುದಿಲ್ಲ.

ಸ್ಥಳ: ಸಿಂಧನೂರು
ದಿನಾಂಕ: 19-11-2025
ಸಹಿ/- ಲಕ್ಷ್ಮಣ