ಭಾನುವಾರದ ಪಿಚರ್

ಬರಲ್ಲ ಕಣೋ, ಯಾರೂ ಬರಲ್ಲ. ಚೆಂಡು ಎಸೆಯೋ ತೋಳಲ್ಲಿ ದಮ್ಮಿರೋ ಪಿಚರ್ ಯಾವನೂ ಈ ಬೇಸ್‌ಬಾಲ್ ಕ್ಲಬ್ಬಿಗೆ ತಾನಾಗಿ ಬರಲ್ಲ. ನೀನು ಸುಮ್ನೆ ಕೂತ್ಕೊ ತೊಕಿತಾ, ಐಸ್ ಕಟ್ಟಿರೋ ಮೊಣಕೈ ಅಲ್ಲಾಡಿಸ್ಬೇಡ, ನಾನು ಹೇಳೋದು ಮುಗಿಸ್ತೀನಿ... ಯಾಕೆ ನಗ್ತೀಯ? ಈ ಇಕುಶಿಮಾ ಮಾತು ಅಂದ್ರೆ ಅಷ್ಟು ಸಸಾರನಾ? ಹೌದಪ್ಪ, ನಾನು ಮೈದಾನದ ಕ್ಯಾಚರ್ ಅಲ್ಲ. ಅಭ್ಯಾಸದಲ್ಲಿ ನಿಮ್ಮ ಚೆಂಡು ಹಿಡಿಯೋದಕ್ಕೆ ಇಟ್ಕೊಂಡಿರೋ ಆಳು. ಇಪ್ಪತ್ತು ವರ್ಷದಿಂದ ಇದೇ ತಗಡಿನ ಸೂರಿನ ಕೆಳಗೆ ಕುಕ್ಕರಗಾಲಲ್ಲಿ ಕೂತಿದ್ದೀನಿ. ಆದ್ರೆ ಈ ಕ್ಲಬ್ಬಿನ ಹುಳುಕು ನನ್ನಷ್ಟು ಯಾವನಿಗೂ ಗೊತ್ತಿಲ್ಲ, ತಿಳ್ಕೋ.

ಚೀಟಿ ಎತ್ತಿದ್ದು ನೆನಪಿದೆಯಾ? ದೇಶದಲ್ಲೇ ಒಳ್ಳೆ ಹೈಸ್ಕೂಲ್ ಪಿಚರ್, ಮೂರು ಕ್ಲಬ್ಬುಗಳಿಗೂ ಅವನೇ ಬೇಕು, ಡಬ್ಬಿಯಲ್ಲಿ ಮೂರು ಲಕೋಟೆ, ಚೀಟಿ ಇರೋದು ಒಂದರಲ್ಲೇ, ಅದನ್ನ ಎತ್ತಿದವರಿಗೆ ಹುಡುಗ. ನಮ್ಮ ಮ್ಯಾನೇಜರ್ ಸಾಹೇಬ್ರು ಬೆಳಿಗ್ಗೆ ಎದ್ದು ಗುಡಿಗೆ ಹೋಗಿ ಬಲಗೈ ತೊಳ್ಕೊಂಡ್ರಂತೆ. ಆ ಕೈಯಿಂದ ಏನನ್ನೂ ಮುಟ್ಟಬಾರದು ಅಂತ ಎಡಗೈಲಿ ಕಡ್ಡಿ ಹಿಡ್ಕೊಂಡು ಮೈಮೇಲೆಲ್ಲ ನೂಡಲ್ಸ್ ಚೆಲ್ಕೊಂಡು ತಿಂದ್ರಂತೆ. ಇಷ್ಟೆಲ್ಲ ಮಡಿ ಮಾಡಿ ಟಿವಿ ಎದುರಿಗೆ ಎತ್ತಿದ್ದೇನು? ಖಾಲಿ ಲಕೋಟೆ. ನೀನು ಈಗ ನಗ್ತೀಯ, ಅವತ್ತು ಊರೇ ಅತ್ತಿತ್ತು.

ಸರಿ, ಆ ಅಮೆರಿಕದವನನ್ನ ಕರ್ಕೊಂಡು ಬಂದ್ರಲ್ಲ, ಅವನು? ಏಪ್ರಿಲ್‌ನಲ್ಲೂ ಹಿಮ ಬೀಳೋದು ನೋಡಿ, ಹೆಂಡತಿಗೆ ಹುಷಾರಿಲ್ಲ ಅಂತ ಹೇಳಿ ವಿಮಾನ ಹತ್ತಿದ. ಅವನ ಬೂಟು ಇನ್ನೂ ಒಳಗಡೆ ಬಿದ್ದಿದೆ. ಇನ್ನು ಮುರೋಯಿ! ಹಾಲುಗಲ್ಲದ ಹುಡುಗನಾಗಿ ಬಂದೋನು, ನಾವೇ ತಿದ್ದಿ ತೀಡಿದ್ವಿ. ಆಟದ ಮೊದಲ ಚೆಂಡಿನಿಂದ ಶುರುಮಾಡಿ ಒಂಬತ್ತರಲ್ಲಿ ಏಳು ಎಂಟು ಇನ್ನಿಂಗ್ಸ್ ಒಬ್ಬನೇ ಎಳ್ಕೊಂಡು ಹೋಗ್ತಿದ್ದ. ಅಂಥ ಒಬ್ಬ ಸಿಗೋದಕ್ಕೆ ನಾವೆಷ್ಟು ವರ್ಷ ಕಾದಿದ್ವಿ? ಕೈ ಕುದುರಿತು ಅನ್ನೋ ಹೊತ್ತಿಗೆ ಟೋಕಿಯೊದವರು ಬಂದು ಎತ್ತಾಕ್ಕೊಂಡು ಹೋದ್ರು. ನಾವು ಸಾಕೋದು, ಅವರು ಮದುವೆ ಮಾಡ್ಕೊಂಡು ಹೋಗೋದು. ಹೊಟ್ಟೆ ಉರಿಯುತ್ತೆ ಕಣೋ.

ಉಳಿದೋರು? ಈ ಸೂರಿನ ಕೆಳಗೆ ಎಲ್ಲರೂ ಹುಲಿಗಳೇ. ಅಲ್ಲಿ ಮೈದಾನಕ್ಕಿಳಿದು ಚೆಂಡು ಎಸೆಯೋ ದಿಬ್ಬದ ಮೇಲೆ ನಿಂತ ಕೂಡ್ಲೆ ಇಲಿಗಳು. ಎದೆಗಾರಿಕೆ ಇಲ್ಲ ಅಂತ ಪೇಪರಿನವರು ಬರೀತಾರೆ, ಅಭ್ಯಾಸ ಸಾಲದು ಅಂತ ಮ್ಯಾನೇಜರ್ ಕೂಗಾಡ್ತಾನೆ. ಒಬ್ಬನಾದ್ರೂ ಯಾಗಿನುಮಾ ಕೋಚ್‌ನ ಆ ಕಿವಿ ಬಗ್ಗೆ ಮಾತಾಡ್ತಾನಾ? ಆಸಾಮಿ ಕಣ್ಣು ಮುಚ್ಕೊಂಡು ಕುರ್ಚೀಲಿ ಕೂತಿರ್ತಾನೆ. ಗ್ಲೌಸಿಗೆ ಚೆಂಡು ಬಿದ್ದ ಸದ್ದು ಚೆನ್ನಾಗಿದ್ರೆ ಪಿಚರ್ ಚೆನ್ನಾಗಿದ್ದಾನೆ ಅಂತ ಲೆಕ್ಕ. ವೇಗ ಅಳೆಯೋ ಮಿಷನ್ ತಂದ್ರೆ ಅದನ್ನ ಬೀರುವಿಗೆ ಹಾಕಿ ಬೀಗ ಜಡಿದ. ಮಿಷನ್ನಿಗೆ ಚೆಂಡಿನ ಜೀವ ಗೊತ್ತಾಗಲ್ಲವಂತೆ, ಇವನ ಕಿವಿಗೆ ಗೊತ್ತಾಗುತ್ತಂತೆ. ಕಿವಿ ನೆಚ್ಕೊಂಡು ಪಿಚರ್‌ಗಳನ್ನ ಬೆಳೆಸೋ ಕ್ಲಬ್ಬು ಉದ್ಧಾರ ಆಗುತ್ತಾ, ನೀನೇ ಹೇಳು.

ಅದಕ್ಕೇ ಹೇಳ್ತಿರೋದು. ಕಾಗದದ ಗಿರಣಿಯವರು ಕರೆದಿದ್ದಾರಲ್ಲ, ಹೋಗು. ಅವರ ತಂಡಕ್ಕೆ ಕೋಚ್ ಆಗು. ಬೆಳಿಗ್ಗೆ ಆಫೀಸು, ಮಧ್ಯಾಹ್ನ ಮೈದಾನ, ಸಂಜೆ ಮನೆ. ಇವತ್ತು ಸಂಜೆಯೊಳಗೆ ಹೂಂ ಅನ್ನದಿದ್ರೆ ಬೇರೆಯವನನ್ನ ತಗೋತಾರೆ. ಇನ್ನೇನು ಬೇಕೋ ನಿನಗೆ? ನಿನಗೂ ವಯಸ್ಸಾಯ್ತು, ಮೊಣಕೈ ಒಂದು ಸಲ ಕೊಯ್ಸಿಕೊಂಡಿದ್ದೀಯ, ಮನೇಲಿ ಹಾಲು ಕುಡಿಯೋ ಮಗು.

ಏನು? ಭಾನುವಾರ?

ಭಾನುವಾರ, ಭಾನುವಾರ... ಗೊತ್ತು ಮಾರಾಯ. ಈ ಸಲದ ಮೊದಲ ಆಟ, ಎದುರಿಗೆ ಮುರೋಯಿ, ಮೊದಲ ಚೆಂಡು ನಿನ್ನ ಕೈಯಲ್ಲಿ. ನಿನ್ನ ಹೆಸರು ಓದಿದಾಗ ನಾನೂ ಇಲ್ಲೇ ಇದ್ದೆ. ಕೋಚ್ ನಿನ್ನ ಬೆನ್ನು ತಟ್ಟಿದ್ದೂ ನೋಡ್ದೆ. ಆದ್ರೆ ಆ ದಿಬ್ಬ ಎಂಥ ಜಾಗ ಅಂತ ನಿನಗೆ ಗೊತ್ತಿಲ್ವಾ? ಎರಡು ಇನ್ನಿಂಗ್ಸ್‌ನಲ್ಲಿ ಚಚ್ಚಿ ಹಾಕಿದ್ರೆ ಮ್ಯಾನೇಜರ್ ಮುಖ ಆಚೆ ತಿರುಗಿಸ್ತಾನೆ. ಸೋಮವಾರ ಗಿರಣಿಯವರಿಗೆ ಫೋನ್ ಮಾಡಿದ್ರೆ, ಟಿವಿಯಲ್ಲಿ ನೋಡಿದ್ವಿ ಸ್ವಾಮಿ ಅಂತಾರೆ. ಆಗ ಎಲ್ಲಿಗೆ ಹೋಗ್ತೀಯ?

ನೀನು ಏನು ಹೇಳ್ತೀಯ ಅಂತ ಗೊತ್ತು ಬಿಡು. ಆಪರೇಷನ್‌ಗೆ ಮುಂಚೆಗಿಂತ ಈಗಲೇ ಚೆಂಡು ಗುಡುಗ್ತಿದೆ, ಅಷ್ಟೇ ತಾನೆ? ಸದ್ದಿನ ವಿಷಯ ಈಗ್ಯಾಕೆ? ಕ್ಲಬ್ಬಿನ ವಿಷಯ ಮಾತಾಡೋಣ. ಇಲ್ಲಿ ಇದ್ದು ಯಾವನು ಬದುಕಿದ್ದಾನೆ?

ಶಿಗೆತನಾ? ಅವನೇನು ಮಾಡ್ದ? ಓ, ನನಗೆ ಜ್ವರ ಬಂದ ದಿನ ಅವನು ನಿನ್ನ ಚೆಂಡು ಹಿಡಿದನಾ... ಸದ್ದೇ ಬರಲಿಲ್ವಾ? ಅಯ್ಯೋ, ಅವನು ಹೊಸಬ ಕಣೋ, ಅವನಿಗೆ ಗ್ಲೌಸು ಹಿಡಿಯೋಕೆ ಬರಲ್ಲ. ಅದನ್ನೆಲ್ಲ ತಲೆಗೆ ಹಚ್ಕೋತಾರಾ? ನಿನ್ನ ಚೆಂಡು ಚೆನ್ನಾಗಿದೆ. ಚೆನ್ನಾಗೇ ಇದೆ. ನಾನು ಹೇಳ್ತಿರೋದು ಕ್ಲಬ್ಬು ಸರಿಯಿಲ್ಲ ಅಂತ, ಅಷ್ಟೇ. ತಮಾಯೊ ಕೂಡ ಮೊನ್ನೆ ಗೇಟಿನ ಹತ್ರ ನಿಲ್ಲಿಸಿ ಕೇಳಿದ್ಲು, ಇವರ ಕೈ ನಿಜವಾಗ್ಲೂ ಸರಿಹೋಯ್ತಾ ಅಂತ. ನಿನ್ನ ಹೆಂಡತಿಗೆ ನಾನೇನು ಹೇಳ್ಲಿ? ಮಗುವಿನ ಕೆನ್ನೆ ಸವರಿ ಬಂದೆ.

ಯಾಕೋ ನನ್ನ ಕೈ ಎಳ್ಕೊಂಡೆ?

ಇಷ್ಟೊತ್ತು ನಗ್ತಾ ಇದ್ದೆಯಲ್ಲ. ಬೆರಳು ಯಾಕೆ ಹಾಗೆ ನೋಡ್ತೀಯ? ಕ್ಯಾಚರ್‌ಗಳ ತೋರುಬೆರಳು ಊದೇ ಇರುತ್ತೆ, ಅದ್ರಲ್ಲಿ ನೋಡೋದೇನಿದೆ. ಈಚೆಗೆ ಸ್ವಲ್ಪ ಜಾಸ್ತಿ ಊದಿದೆ, ಅಷ್ಟೇ. ಬೈಯಬೇಕು ಅನ್ಸಿದ್ರೆ ಬೈ. ಹಾಗೆ ನೋಡ್ಬೇಡ ಕಣೋ, ತೊಕಿತಾ...

ಹೌದು, ಆ ಸದ್ದು ನನ್ನ ಕೆಲಸ! ಬೆರಳಿನ ಬುಡದಲ್ಲಿ ಗ್ಲೌಸಿನ ಚರ್ಮ ತೆಳ್ಳಗಿರುತ್ತೆ. ಚೆಂಡನ್ನ ಅಲ್ಲಿಗೇ ತಗೊಂಡು, ತಾಗೋ ಗಳಿಗೆಗೆ ಒಂಚೂರು ಮುಂದಕ್ಕೆ ತಳ್ಳಿದ್ರೆ ಎಂಥ ಸತ್ತ ಚೆಂಡೂ ಗುಡುಗುತ್ತೆ. ಪಿಚರ್‌ಗೆ ಧೈರ್ಯ ಬರ್ಲಿ ಅಂತ ಎಲ್ಲರಿಗೂ ಮಾಡ್ತೀನಿ. ನಿನಗೆ... ನಿನಗೆ ಇನ್ನಷ್ಟು ಮಾಡ್ದೆ. ಆಸ್ಪತ್ರೆಯಿಂದ ಬಂದು ನೀನು ಎಸೆದ ಮೊದಲ ಚೆಂಡು ಒದ್ದೆ ಬಟ್ಟೆ ಬಿದ್ದಂಗೆ ಬಿತ್ತು. ನಿನ್ನ ಮುಖ ನನ್ನಿಂದ ನೋಡಕ್ಕಾಗಲಿಲ್ಲ. ಎರಡನೇದನ್ನ ಗುಡುಗಿಸ್ದೆ. ನೀನು ನಕ್ಕೆ. ಆಮೇಲೆ ಹೇಗೋ ನಿಲ್ಲಿಸ್ಲಿ? ಆ ಕಿವಿಯವನು ಭಾನುವಾರಕ್ಕೆ ನಿನ್ನ ಹೆಸರೇ ಬರೆದುಬಿಡ್ತಾನೆ ಅಂತ ನನಗೇನು ಕನಸು ಬಿದ್ದಿತ್ತಾ? ಹೆಸರು ಓದಿದ ದಿನವೇ ಗಿರಣಿಗೆ ಓಡಿಹೋಗಿ ಕಾಲು ಹಿಡಿದೆ. ಅವರಾಗಿ ಕರೆದದ್ದಲ್ಲ ಅದು.

ಐಸ್ ಯಾಕೆ ಬಿಚ್ತಿದ್ದೀಯ? ಬೇಡ. ನೋವಾಗುತ್ತೆ... ಶಿಗೆತನ್ನ ಕೂಗಬೇಡ, ಅವನ ಮುಂದೆ ಬೇಡ. ಸರಿ. ಹೋಗು, ಅಲ್ಲಿ ನಿಂತ್ಕೊ. ನಾನೇ ಕೂರ್ತೀನಿ. ಈ ಸಲ ಕೈ ಆಡಿಸಲ್ಲ, ನಿನ್ನ ಮಗು ಆಣೆ. ಇಕೋ, ಚೆಂಡು ಹಿಡ್ಕೊ. ಇರೋ ಬಲವೆಲ್ಲ ಹಾಕಿ ಎಸಿ.

...

ಇಷ್ಟೇ ಕಣೋ, ನಿನ್ನ ಚೆಂಡಿನ ಸದ್ದು.

ಇನ್ನೊಂದಾ? ಎಸಿ.

...

ಅದೂ ಅಷ್ಟೇ. ಬ್ಯಾಟು ಹಿಡಿದೋನು ಕಿವಿಯಲ್ಲಿ ಆಡಲ್ಲ ತೊಕಿತಾ, ಕಣ್ಣಲ್ಲಿ ಆಡ್ತಾನೆ. ಬೇಡ, ಮೂರನೇದು ಬೇಡ. ಇದನ್ನ ಭಾನುವಾರ ಊರೆಲ್ಲ ಕೇಳೋದು ಬೇಡ, ನಾವಿಬ್ರೇ ಕೇಳಿದ್ದು ಸಾಕು. ಮುಖ ತೊಳ್ಕೊಂಡು ಬಾ, ಗಿರಣಿಗೆ ಫೋನ್ ಮಾಡೋಣ.