‘ಏನೂ ಇಲ್ಲ’ ಎಂಬ ರಬ್ಬರ್ ಸ್ಟಾಂಪು

ಈ ಸಭೆಯ ಅಧ್ಯಕ್ಷರೂ, ಹದಿನೆಂಟು ವರ್ಷಗಳಿಂದ ನಾನು ಬರೆದದ್ದಕ್ಕೆಲ್ಲ ಸಹಿ ಹಾಕುತ್ತ ಬಂದವರೂ ಆದ ಮ್ಯಾನೇಜರ್ ಸಾಹೇಬರೇ, ಅವರಿಗೆ ಫಲಕ ಕೊಡಲೆಂದೇ ಮುಖ್ಯ ಕಚೇರಿಯಿಂದ ಬಂದಿರುವ ನಿರ್ದೇಶಕರೇ, ಸಾಬೂನು ಬೇಯಿಸುವವರೇ, ಕತ್ತರಿಸುವವರೇ, ಅಚ್ಚೊತ್ತುವವರೇ, ಗೇಟು ಕಾಯುವ ಅಣ್ಣಂದಿರೇ, ಮತ್ತು ಹಿಂದುಗಡೆ ಗೋಡೆಗೆ ಒರಗಿ ನಿಂತಿರುವ ಪ್ಯಾಕಿಂಗ್ ಹಾಲಿನ ನನ್ನ ಅಕ್ಕತಂಗಿಯರೇ, ಸಭಿಕರೇ! ಮೊದಲು ನೀವು ಕುಳಿತುಕೊಳ್ಳಿ. ಮೂರು ಸಾಲು ಕುರ್ಚಿಗಳು ಖಾಲಿ ಇವೆ. ಸಾಹೇಬರು ಎದುರಿಗಿದ್ದಾರೆಂದು ನಿಲ್ಲಬೇಕಾಗಿಲ್ಲ. ಹಾಂ, ಹಾಗೆ. ಈಗ ನನಗೂ ಮಾತಾಡಲು ಧೈರ್ಯ ಬಂತು.

ಇಂದು ವಾರ್ಷಿಕೋತ್ಸವದ ಜೊತೆಗೆ ಎರಡು ಕೆಲಸ. ‘ಕೆಲಸಗಾರರ ಮಾತಿಗೆ ಕಿವಿಗೊಡುವ ಉತ್ತಮ ಮ್ಯಾನೇಜರ್’ ಎಂಬ ಹಿತ್ತಾಳೆಯ ಫಲಕ ಸಾಹೇಬರಿಗೆ. ಬೀಳ್ಕೊಡುಗೆ ನನಗೆ, ಜೊತೆಗೊಂದು ಗೋಡೆ ಗಡಿಯಾರ. ನಾಳೆಯಿಂದ ಯಾವ ಹೊತ್ತಿಗೂ ಎಲ್ಲಿಗೂ ಹೋಗಬೇಕಿಲ್ಲದವಳಿಗೆ ಗಡಿಯಾರ! ನಗಿ, ನಗಿ. ನನಗೂ ಬೆಳಗಿನಿಂದ ನಗು ತಡೆಯಲಾಗುತ್ತಿಲ್ಲ. ಐದೇ ನಿಮಿಷ ಮಾತಾಡಬೇಕೆಂದು ಹೇಳಿದ್ದಾರೆ. ಒಳ್ಳೆಯ ಭಾಷಣವನ್ನು ಟೈಪು ಮಾಡಿಕೊಂಡು ಬಂದಿದ್ದೆ. ಕನ್ನಡಕವನ್ನು ಮಾತ್ರ ಕೆಳಗೆ ಮೇಜಿನ ಮೇಲೆ ಮರೆತು ಬಂದಿದ್ದೇನೆ. ಆದ್ದರಿಂದ ಬಾಯಿಗೆ ಬಂದದ್ದೇ ಭಾಷಣ.

ಇಷ್ಟು ವರ್ಷ ನಾನು ಇಲ್ಲಿ ಮಾಡಿದ್ದಾದರೂ ಏನು? ಟೈಪಿಸ್ಟ್ ಎನ್ನುತ್ತೀರಿ. ಅದು ಸರಿ. ಆದರೆ ನನ್ನ ನಿಜವಾದ ಉದ್ಯೋಗ ಇಗೋ, ಈ ನಡಾವಳಿ ಪುಸ್ತಕ. ಪ್ರತಿ ತಿಂಗಳ ಮೊದಲ ಸೋಮವಾರ ಕೆಲಸಗಾರರ ಸಲಹಾ ಸಭೆ. ಯಾರು ಏನೆಂದರು, ಏನು ತೀರ್ಮಾನವಾಯಿತು ಎಂದು ಬರೆದು, ಸಹಿ ಮಾಡಿಸಿ, ಎಲ್ಲ ವಿಭಾಗಗಳಿಗೂ ಪ್ರತಿ ಕಳಿಸುವವಳು ನಾನು. ಆ ಸಭೆಯ ಕೊನೆಯ ವಿಷಯ ಯಾವಾಗಲೂ ಒಂದೇ: ‘ಅಧ್ಯಕ್ಷರ ಅಪ್ಪಣೆಯ ಮೇರೆಗೆ ಇತರ ವಿಷಯಗಳು’. ಎಷ್ಟು ಚೆಂದದ ಸಾಲು! ಇಡೀ ಜಗತ್ತೇ ಅದರೊಳಗೆ ಹಿಡಿಸುತ್ತದೆ. ಆ ಸಾಲಿಗೆ ಬರುವ ಹೊತ್ತಿಗೆ ಸಾಹೇಬರು ಪೆನ್ನಿಗೆ ಮುಚ್ಚಳ ಹಾಕಿ, ಕುರ್ಚಿಯಿಂದ ಅರ್ಧ ಎದ್ದು, “ಮತ್ತೇನೂ ಇಲ್ವಲ್ಲ?” ಎನ್ನುತ್ತಿದ್ದರು. ಅರ್ಧ ಎದ್ದವರನ್ನು ಮತ್ತೆ ಕೂರಿಸುವ ಧೈರ್ಯ ಯಾರಿಗಿದೆ? ನೀವೆಲ್ಲ ಒಂದೇ ದನಿಯಲ್ಲಿ, “ಏನಿಲ್ಲ ಸಾರ್!”

ನಾನು ‘ಏನೂ ಇಲ್ಲ’ ಎಂದು ಬರೆದೆ. ಮುಂದಿನ ತಿಂಗಳು ಬರೆದೆ. ಮರು ವರ್ಷವೂ ಬರೆದೆ. ಬರೆದೂ ಬರೆದೂ ಕೈ ಸೋತು, ಕೊನೆಗೆ ಒಂದು ರಬ್ಬರ್ ಸ್ಟಾಂಪು ಮಾಡಿಸಿಕೊಂಡೆ. ನೋಡಿ, ಇದೇ. ‘ಏನೂ ಇಲ್ಲ’. ಟಪ್ ಎಂದು ಒತ್ತಿದರೆ ಸಭೆ ಮುಗಿಯಿತು! ನಿರ್ದೇಶಕರೇ, ಇಂಥ ಸ್ಟಾಂಪು ಬೇರೆ ಯಾವ ಕಾರ್ಖಾನೆಯಲ್ಲಿದೆ ಹೇಳಿ?

ಆದರೆ ಏನೂ ಇರಲಿಲ್ಲವೇ? ನನ್ನ ತಂಗಿಯನ್ನು ಕೇಳಿ. ಅಲ್ಲಿ ಎರಡನೆಯ ಸಾಲಿನಲ್ಲಿ ತಲೆ ತಗ್ಗಿಸಿಕೊಂಡು ಕೂತಿದ್ದಾಳಲ್ಲ, ಅವಳೇ. ಪ್ಯಾಕಿಂಗ್ ಹಾಲಿನಲ್ಲಿ ದಿನಕ್ಕೆ ಎಂಟು ಗಂಟೆ ಸಾಬೂನಿಗೆ ಕಾಗದ ಸುತ್ತುವವಳು. ನಾವಿಬ್ಬರೂ ಒಂದೇ ಮನೆಯಲ್ಲಿದ್ದೇವೆ. ಮನೆಯಲ್ಲಿ ಅವಳದು ಅರಳು ಹುರಿದಂಥ ಮಾತು. ಕಿಟಕಿ ಸರಿಯಿಲ್ಲ, ದಿಂಬು ಸರಿಯಿಲ್ಲ, ನಾನು ಬಟ್ಟೆ ಹಿಂಡುವ ರೀತಿ ಸರಿಯಿಲ್ಲ. ಅದೇ ಬಾಯಿ ಸಭೆಗೆ ಬಂದರೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಒಂಬತ್ತು ವರ್ಷದ ಹಿಂದೆ ಒಂದು ಭಾನುವಾರದ ಸಂಜೆ, ಊದಿಕೊಂಡ ಕಾಲುಗಳನ್ನು ಬಿಸಿನೀರಿನ ಬಕೆಟ್ಟಿನಲ್ಲಿಟ್ಟುಕೊಂಡು, “ಅಕ್ಕಾ, ಡಾಕ್ಟ್ರು ಕೂತು ಕೆಲಸ ಮಾಡು, ಇಲ್ಲ ಕೆಲಸಾನೇ ಬಿಡು ಅಂದ್ರು. ಒಂದು ಸ್ಟೂಲ್ ಕೊಟ್ರೆ ಇವರ ಗಂಟೇನು ಹೋಗುತ್ತೆ?” ಎಂದಳು. “ನಾಳೆ ಸಭೆ ಇದೆಯಲ್ಲ, ಕೇಳೇ” ಎಂದೆ. “ಅಯ್ಯೋ, ನಾನಾ? ನಾಲ್ಕು ಜನರ ಮುಂದೆ ನನ್ನ ಕಾಲಿನ ವಿಷಯ ಹೇಳ್ಲಾ?” ಮರುದಿನ ಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ “ಏನಿಲ್ಲ ಸಾರ್” ಎಂದವಳು ಅವಳೇ! ನನಗೆ ಎಷ್ಟು ಸಿಟ್ಟು ಬಂತೆಂದರೆ ಅಳು ಬಂತು. ಆ ಸಿಟ್ಟಿನಲ್ಲಿ ಸ್ಟಾಂಪು ಹುಡುಕಿದರೆ ಸಿಗಲಿಲ್ಲ. ಕೈಯಲ್ಲಿ ಪೆನ್ನಿತ್ತು. ನಾನೇ ಬರೆದುಬಿಟ್ಟೆ.

ಅಂದರೆ... ಬರೆದದ್ದು ನಾನಾದರೂ... ಅಲ್ಲ, ಸಭೆಯ ಒಟ್ಟು ಭಾವನೆ... ಹೋಗಲಿ ಬಿಡಿ. ಸಾಬೂನಿನ ಕಾರ್ಖಾನೆಯಲ್ಲಿ ನಾಲಿಗೆ ಜಾರುವುದೇನು ಹೊಸದೇ? ಜಾರಿದ್ದು ಜಾರಿತು, ಪೂರ್ತಿ ಕೇಳಿಬಿಡಿ. ‘ಪ್ಯಾಕಿಂಗ್ ಹಾಲಿಗೆ ನಲವತ್ತು ಸ್ಟೂಲುಗಳನ್ನು ಒದಗಿಸಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು’ ಎಂದು ಬರೆದೆ. ಸರ್ವಾನುಮತ ಎಂದರೆ ನಾನು ಮತ್ತು ಆ ಬಕೆಟ್ಟು. ಸಾಹೇಬರು ಎಂದಿನಂತೆ ಫೋನಿನಲ್ಲಿ ಮಾತಾಡುತ್ತ ಸಹಿ ಹಾಕಿದರು. ಪ್ರತಿ ಉಗ್ರಾಣಕ್ಕೆ ಹೋಯಿತು. ಮೂರೇ ವಾರದಲ್ಲಿ ಸ್ಟೂಲುಗಳು ಬಂದವು!

ಆದರೆ ಎತ್ತರ ಎಷ್ಟಿರಬೇಕೆಂದು ನಾನು ಬರೆದಿರಲಿಲ್ಲ. ಉಗ್ರಾಣದವರು ಕೈಗೆ ಸಿಕ್ಕಿದ್ದನ್ನು ತರಿಸಿದ್ದರು, ಗೇಣೆತ್ತರದವು. ನಲವತ್ತೂ ಜನ ಕೂತರೆ ಮೇಜಿನ ಮೇಲೆ ಬರೀ ಕೈಗಳು ಕಾಣುತ್ತಿದ್ದವು, ಸಾಬೂನುಗಳು ತಾವೇ ಕಾಗದ ಸುತ್ತಿಕೊಳ್ಳುತ್ತಿವೆಯೇನೋ ಎನ್ನುವಂತೆ. ಸಾಹೇಬರು ಬಾಗಿಲಿಗೆ ಬಂದು ಕಕ್ಕಾಬಿಕ್ಕಿಯಾಗಿ, “ಎಲ್ಲ ಎಲ್ಲಿ ಹೋದ್ರು?” ಎಂದು ಕೂಗಿದರು. ಮೇಜಿನ ಕೆಳಗಿನಿಂದ ನಲವತ್ತು ಗಂಟಲು, “ಇಲ್ಲೇ ಇದ್ದೀವಿ ಸಾರ್!” ಇಷ್ಟು ವರ್ಷದಲ್ಲಿ ನೀವು ಅವರಿಗೆ ‘ಏನಿಲ್ಲ’ ಬಿಟ್ಟು ಬೇರೆ ಮಾತು ಹೇಳಿದ್ದು ಅದೇ ಮೊದಲು. ಆಮೇಲೆ ನಮ್ಮ ಬಡಗಿಯಣ್ಣ ಒಂದೊಂದಕ್ಕೂ ಕಾಲು ಕೂಡಿಸಿ ಎತ್ತರಿಸಿದ. ಆ ತಿಂಗಳಿನಿಂದ ತಂಗಿಯ ಕಾಲಿನ ಊತವೂ ಇಳಿಯುತ್ತ ಬಂತು.

ರುಚಿ ಹತ್ತಿದ ಮೇಲೆ ನಾನು ಸುಮ್ಮನಿರುತ್ತೇನೆಯೇ? ಬಚ್ಚಲಿಗೆ ಹೋಗಲು ಮೇಲ್ವಿಚಾರಕರಿಂದ ಚೀಟಿ ಪಡೆಯುವ ಪದ್ಧತಿ ಯಾಕೆ ನಿಂತಿತು? ಸರ್ವಾನುಮತ. ಬಚ್ಚಲಿನ ಬಾಗಿಲಿಗೆ ಚಿಲಕ ಹೇಗೆ ಬಂತು? ಸರ್ವಾನುಮತ. ಮಗುವಿಗೆ ಜ್ವರ ಬಂದರೆ ಪಾಳಿ ಅದಲುಬದಲು ಮಾಡಿಕೊಳ್ಳಬಹುದು ಎಂಬುದೂ ಸರ್ವಾನುಮತವೇ. ಟೈಪಿಸ್ಟಳ ಕೋಣೆಗೆ ಒಂದು ಫ್ಯಾನು... ಅದೂ ಸರ್ವಾನುಮತ. ಅದಕ್ಕೆ ಮಾತ್ರ ಕ್ಷಮೆ ಇರಲಿ, ಸೆಕೆ ಬಹಳವಿತ್ತು. ನಾನು ಒಂದನ್ನೂ ಹೊಸದಾಗಿ ಕಟ್ಟಲಿಲ್ಲ. ನೀರಿನ ಡ್ರಮ್ಮಿನ ಹತ್ತಿರ ನೀವು ನೀವೇ ಆಡಿಕೊಂಡದ್ದನ್ನು ಕೇಳಿಸಿಕೊಂಡು ಬರೆದೆ. ಸಾಹೇಬರೇ, ಫಲಕವನ್ನು ವಾಪಸು ಕೊಡಬೇಡಿ. ಮುಖ್ಯ ಕಚೇರಿಯವರು ಕೇಳಿದಾಗ “ಅದು ನನ್ನದೇ ಯೋಚನೆ” ಎಂದಿರಿ ನಿಜ. ಆದರೆ ಸ್ಟೂಲುಗಳು ಬಂದ ದಿನ ನಡಾವಳಿ ತೆಗೆದು ಓದಿ, ನನ್ನ ಮುಖವನ್ನೊಮ್ಮೆ ನೋಡಿ, ಏನೂ ಅನ್ನದೆ ಹೋದಿರಲ್ಲ, ಅದಕ್ಕೇ ನಾನು ಈ ಫಲಕ ಕೊಡುತ್ತಿದ್ದೆ.

ಈಗ ನಗು ಸಾಕು. ಬರುವ ಸೋಮವಾರದ ಸಭೆಯ ವಿಷಯಪಟ್ಟಿಯನ್ನು ಇಂದು ಬೆಳಿಗ್ಗೆ ನಾನೇ ಟೈಪು ಮಾಡಿದೆ. ನನ್ನ ಕೊನೆಯ ಟೈಪು. ಎರಡನೆಯ ವಿಷಯ: ಹೊಸ ಯಂತ್ರ ಬರುವುದರಿಂದ ಪ್ಯಾಕಿಂಗ್ ಹಾಲಿನ ಸ್ಟೂಲುಗಳನ್ನು ತೆಗೆಯುವುದು. ನಾನು ಸಾಹೇಬರ ಕೋಣೆಗೆ ಓಡಿದೆ. ಅವರು, “ತೆಗೀಬೇಡಿ ಅಂತ ಅವರು ಹೇಳಿದ್ರೆ ಯಂತ್ರಾನ ಸ್ವಲ್ಪ ಆಚೆ ಸರಿಸಿ ಸ್ಟೂಲಿಗೆ ಜಾಗ ಮಾಡೋಣ. ಆದ್ರೆ ಯಾರೂ ಏನೂ ಹೇಳಲ್ಲ ಬಿಡಿ” ಎಂದರು. ಸೋಮವಾರ ನಾನು ಮನೆಯಲ್ಲಿ ಗಡಿಯಾರ ನೋಡುತ್ತ ಕೂತಿರುತ್ತೇನೆ. ಈ ಪುಸ್ತಕ ಬೇರೆಯವರ ಕೈಯಲ್ಲಿರುತ್ತದೆ. ನೀವು “ಏನಿಲ್ಲ ಸಾರ್” ಎಂದರೆ ಅವರು ಅದನ್ನೇ ಬರೆಯುತ್ತಾರೆ. ನನ್ನ ತಂಗಿ ಮತ್ತೆ ಎಂಟು ಗಂಟೆ ನಿಲ್ಲುತ್ತಾಳೆ.

ಇಷ್ಟು ವರ್ಷ ನಿಮ್ಮ ಬಾಯಿ ನಾನೇ ಆಗಿಬಿಟ್ಟೆ. ಒಳ್ಳೆಯದು ಮಾಡಿದೆನೆಂದು ಬೀಗುತ್ತಿದ್ದೆ. ನಿಮಗೆ ಮಾತಾಡುವ ಅಭ್ಯಾಸವನ್ನೇ ತಪ್ಪಿಸಿದೆನೇ? ಬೆಳಗಿನಿಂದ ಅದೇ ಹೆದರಿಕೆ, ಅದಕ್ಕೇ ಇಷ್ಟು ನಗು.

ಆದ್ದರಿಂದ ಪುಸ್ತಕ ಇಲ್ಲಿ ತೆರೆದಿದ್ದೇನೆ. ಕನ್ನಡಕವಿಲ್ಲದಿದ್ದರೂ ಬರೆಯಬಲ್ಲೆ, ಅಕ್ಷರಗಳು ದಪ್ಪ ಬರುತ್ತವೆ ಅಷ್ಟೇ. ಅಧ್ಯಕ್ಷರ ಅಪ್ಪಣೆಯ ಮೇರೆಗೆ, ಇತರ ವಿಷಯಗಳು. ಸಾಹೇಬರು ತಲೆ ಆಡಿಸುತ್ತಿದ್ದಾರೆ. ಹೌದೆಂದೋ ಅಲ್ಲವೆಂದೋ ಇಲ್ಲಿಂದ ತಿಳಿಯುತ್ತಿಲ್ಲ. ಹೌದೆಂದೇ ಬರೆದುಕೊಳ್ಳುತ್ತೇನೆ, ಅಭ್ಯಾಸಬಲ. ಹೇಳಿ. ಮತ್ತೇನಾದರೂ ಇದೆಯೇ?

ಯಾರೂ ಇಲ್ಲವೇ? ನಾನು ಅರ್ಧ ಎದ್ದಿಲ್ಲ ನೋಡಿ, ಕಾಯುತ್ತೇನೆ.

ಓಹೋ. ಎರಡನೆಯ ಸಾಲು.

ಅಯ್ಯೋ, ಎದ್ದು ಯಾಕೆ ನಿಂತ್ಯೇ? ಕೂತ್ಕೋ. ಕೂತೇ ಹೇಳು. ಅದನ್ನೇ ತಾನೇ ನಾವು ಕೇಳ್ತಿರೋದು!

ಹೂಂ... ಹೂಂ... ಇನ್ನೊಂದು ಸಲ, ಜೋರಾಗಿ. ಸಾಹೇಬರಿಗೂ ಕೇಳಲಿ.

ಬರೆದುಕೊಂಡೆ. ನೀನು ಹೇಳಿದ ಹಾಗೆಯೇ ಬರೆದಿದ್ದೇನೆ, ಒಂದಕ್ಷರವೂ ನನ್ನದಲ್ಲ. ತಾಳಿ, ತಾಳಿ, ಒಬ್ಬೊಬ್ಬರಾಗಿ! ಇಷ್ಟೊಂದು ಕೈಗಳೇ? ಸಾಹೇಬರೇ, ಪೆನ್ನಿನ ಮುಚ್ಚಳ ತೆಗೆಯಿರಿ, ಇವತ್ತು ಓದಿ ಸಹಿ ಹಾಕಬೇಕಾಗುತ್ತದೆ. ಈ ಸ್ಟಾಂಪನ್ನು ಮಾತ್ರ ನಾನು ಮನೆಗೆ ಒಯ್ಯುತ್ತೇನೆ. ಕಾರ್ಖಾನೆಯ ಆಸ್ತಿ ನಿಜ, ಆದರೆ ಇಲ್ಲಿ ಇದಕ್ಕಿನ್ನು ಕೆಲಸವಿಲ್ಲ. ಐದು ನಿಮಿಷವೆಂದು ಹೇಳಿ ಹೊತ್ತು ಮೀರಿದ್ದಕ್ಕೆ ಕ್ಷಮೆ ಇರಲಿ, ಗಡಿಯಾರ ಇನ್ನೂ ಡಬ್ಬಿಯಲ್ಲೇ ಇದೆ. ಕೇಳಿಸಿಕೊಂಡದ್ದಕ್ಕೆ, ಅದಕ್ಕಿಂತ ಹೆಚ್ಚಾಗಿ ಈಗ ಹೇಳುತ್ತಿರುವುದಕ್ಕೆ, ನಿಮಗೆಲ್ಲ ನನ್ನ ಧನ್ಯವಾದ. ಕೂತವರಿಗೆಲ್ಲ ನಿಂತವಳ ನಮಸ್ಕಾರ.